ಮುಟ್ಟದ ಮುಖ

ಕೀಲಿಕೈ ಜೇಬಿನಲ್ಲೇ ಇತ್ತು. ಗುಬ್ಬಿ ಸ್ಟೇಷನ್ನಿನಲ್ಲಿ ಅರಸೀಕೆರೆ ಕಡೆಯಿಂದ ಬಂದ ಪ್ಯಾಸೆಂಜರ್ ಗಾಡಿ ಹತ್ತುವಾಗ ಒಮ್ಮೆ, ಕಿಟಕಿಯ ಪಕ್ಕ ಜಾಗ ಸಿಕ್ಕ ಮೇಲೆ ಮತ್ತೊಮ್ಮೆ, ಸದಾಶಿವಯ್ಯ ಖಾಕಿ ಪ್ಯಾಂಟಿನ ಜೇಬನ್ನು ಹೊರಗಿನಿಂದ ಒತ್ತಿ ನೋಡಿಕೊಂಡ. ತುಮಕೂರಿನ ಮ್ಯೂಸಿಯಂನ ಒಳಹಾಲಿನಲ್ಲಿರುವ ಗಾಜಿನ ಪೆಟ್ಟಿಗೆಯ ಕೀಲಿಕೈ ಅದು. ಸಂಜೆ ಬಾಗಿಲು ಹಾಕುವಾಗ ಆಫೀಸಿನ ಮೊಳೆಗೆ ನೇತುಹಾಕಿ ಬರಬೇಕಾದದ್ದು ನಿನ್ನೆ ಅವನ ಜೊತೆ ಊರಿಗೆ ಬಂದು, ದಿಂಬಿನ ಕೆಳಗೆ ಮಲಗಿದ್ದು, ಈಗ ತಿರುಗಿ ತುಮಕೂರಿಗೆ ಹೊರಟಿತ್ತು. ಕದ್ದದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅಲ್ಲಿ ಅಟೆಂಡರ್ ಆಗಿ ಸೇರಿದಾಗಿನಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವನಲ್ಲ. ಆದರೆ ಇವತ್ತು ಕುಣಿಗಲ್ ರಸ್ತೆಯ ಕುರುಡು ಹೆಣ್ಣುಮಕ್ಕಳ ಶಾಲೆಯವರು ಮ್ಯೂಸಿಯಂ ನೋಡುವುದಕ್ಕೆ ಬರುತ್ತಾರೆ. ಅವರಲ್ಲಿ ಅವನ ಮಗಳು ಪುಟ್ಟತಾಯಮ್ಮನೂ ಬರುತ್ತಾಳೆ. ಎಲ್ಲರೂ ಹೊರಗೆ ಜಗಲಿಯಲ್ಲಿರುವಾಗ ಅವಳೊಬ್ಬಳನ್ನು ಒಳಗೆ ಕರೆದುಕೊಂಡು ಹೋಗಬೇಕು, ಪೆಟ್ಟಿಗೆ ತೆಗೆಯಬೇಕು, ಒಳಗಿರುವ ಕಲ್ಲಿನ ಹೆಂಗಸಿನ ಮುಖವನ್ನು ಅವಳ ಕೈಗೆ ಮುಟ್ಟಿಸಬೇಕು. ಅಷ್ಟಾದರೆ ಸಾಕು. ಅಷ್ಟಾದರೆ ಯಾವುದು ತೀರುತ್ತದೆ, ಯಾರ ಋಣ ಯಾರಿಗೆ ಸಲ್ಲುತ್ತದೆ ಎಂದು ಯೋಚಿಸಲು ಹೋದರೆ ಮಾತ್ರ ಮನಸ್ಸು ಕುಂಟೆತ್ತಿನ ಹಾಗೆ ಅಲ್ಲೇ ಮಲಗಿಬಿಡುತ್ತಿತ್ತು.

ಆ ಕಲ್ಲಿನ ಮುಖ ಸಿ.ಎಸ್. ಪುರದ ಕಡೆ ಯಾವುದೋ ಕೆರೆಯ ಹೂಳು ತೆಗೆಯುವಾಗ ಸಿಕ್ಕಿದ್ದು. ಕತ್ತಿನಿಂದ ಕೆಳಗೆ ಏನೂ ಇಲ್ಲ. ಮುಖ ಮಾತ್ರ ಒಂದು ಗೀರೂ ಇಲ್ಲದೆ ಉಳಿದಿದೆ. ಮೂಗು ಮೂಗಿನ ಹಾಗೆ, ತುಟಿ ತುಟಿಯ ಹಾಗೆ. ಗಲ್ಲದ ಹತ್ತಿರ ಮಾತ್ರ ಸ್ವಲ್ಪ ಭಾರ, ಏನೋ ಹೇಳಲು ಹೋಗಿ ನುಂಗಿಕೊಂಡವಳಂತೆ. ಸಿದ್ದಗಂಗಮ್ಮ, ಅವನ ಹೆಂಡತಿ, ಒಂದು ಸಲ ಮರೆತ ಊಟದ ಡಬ್ಬಿ ಕೊಡಲು ಮ್ಯೂಸಿಯಂಗೆ ಬಂದಿದ್ದಾಗ ಅಲ್ಲಿನ ತೋಟದ ಮಾಲಿ ಅಂಜನಪ್ಪ ಅವಳನ್ನೂ ಕಲ್ಲನ್ನೂ ನೋಡಿ, 'ಅಯ್ಯೋ ಶಿವನೆ, ಅಕ್ಕಾರೆ, ಸರ್ಕಾರದೋರು ನಿಮ್ಮನ್ನ ಪೆಟ್ಟಿಗೇಲಿಟ್ಟು ಬೀಗ ಹಾಕವ್ರಲ್ಲಾ!' ಎಂದಿದ್ದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. 'ಮನೇಲೂ ಹಂಗೇ ಅಲ್ವಾ ಅಣ್ಣ' ಅಂದಿದ್ದಳು. ಆಗ ಅವನಿಗೆ ಸಿಟ್ಟು ಬಂದಿತ್ತು. ಈಗ ಅವಳ ಮುಖ ನೆನೆಸಿಕೊಳ್ಳಲು ಹೋದರೆ ಆ ನಗು ಬರುವುದಿಲ್ಲ, ಕಲ್ಲು ಬರುತ್ತದೆ. ಅವಳು ತೀರಿಹೋಗಿ ವರ್ಷ ತುಂಬುವುದರೊಳಗೆ ಕಲ್ಲು ಅವಳನ್ನು ನುಂಗಿಬಿಟ್ಟಿತ್ತು. ಮನೆಯ ಗೋಡೆಯ ಮೇಲೆ ಮದುವೆಯ ಫೋಟೋ ಇದೆ. ಆದರೆ ಅದರಲ್ಲಿ ಹೆದರಿಕೊಂಡು ನಿಂತ ಹುಡುಗಿ ಅವನಿಗೆ ಅಷ್ಟು ಗೊತ್ತಿರುವವಳಲ್ಲ. ತಿಥಿ ಮುಗಿದ ಮೇಲೆ ಪುಟ್ಟತಾಯಿ ಹಾಸ್ಟೆಲ್ಲಿಗೆ ಹೊರಡುವ ದಿನ ಸ್ಟೂಲು ಹತ್ತಿ ಆ ಫೋಟೋದ ಗಾಜನ್ನು ಎರಡೂ ಕೈಯಿಂದ ಸವರಿದ್ದಳು. 'ನುಣ್ಣಗೈತೆ' ಅಂದಿದ್ದಳು, ಅಷ್ಟೇ. ಮಾರನೆಯ ದಿನ ಗಾಜಿನ ಮೇಲೆ ಬೆರಳುಗಳ ಗುರುತು ಕಂಡವು. ಅವನು ಪಂಚೆಯ ಚುಂಗಿನಿಂದ ಒರೆಸಿಬಿಟ್ಟ. ಒರೆಸಿ ಆದಮೇಲೆ ಏನು ಮಾಡಿದೆನೆಂದು ತಿಳಿಯಿತು. ಕೈ ತನ್ನ ಪಾಡಿಗೆ ತಾನು ಮಾಡಿತ್ತು. ಸಂಜೆ ಮ್ಯೂಸಿಯಂ ಮುಚ್ಚುವ ಮುಂಚೆ ಒದ್ದೆ ಬಟ್ಟೆ, ಹಳೆ ಪೇಪರು ಹಿಡಿದು ಪೆಟ್ಟಿಗೆಗಳ ಗಾಜಿನಿಂದ ಜನರ ಬೆರಳು, ಮೂಗು, ಮಕ್ಕಳ ಎಂಜಲು ಇವನ್ನೆಲ್ಲ ಒರೆಸುವುದು ಅವನ ಕೆಲಸ. ಮಾರನೆಯ ದಿನಕ್ಕೆ ಯಾರೂ ಬಂದೇ ಇರಲಿಲ್ಲ ಎನ್ನುವ ಹಾಗೆ ಇರಬೇಕು.

'ಸ್ವಾಮ್ಯೋರು ಇವತ್ತು ಗಡ್ಡಗಿಡ್ಡ ಹೆರ್ಕಂಡು ಮದ್ಲಿಂಗನಂಗೆ ಬಂದವ್ರೆ!' ಗೇಟಿನ ಹತ್ತಿರ ಕ್ರೋಟನ್ ಗಿಡಗಳಿಗೆ ನೀರು ಬಿಡುತ್ತಿದ್ದ ಅಂಜನಪ್ಪ ಕೂಗಿದ. ಹತ್ತಿರ ಬಂದು ದನಿ ತಗ್ಗಿಸಿ, 'ಮಗಳು ಬರ್ತಾಳೆ ಅಂತ ಸಾಹೇಬ್ರಿಗೆ ಯೋಳುದ್ರಾ?' ಎಂದ.

'ಯೋಳದೇನೈತೆ ಬುಡು.'

'ಯೋಳ್ರಿ ಅತ್ಲಾಗೆ. ಒಳ್ಳೇ ಮನುಷ್ಯ ಅವ್ರು.'

ಕ್ಯುರೇಟರ್ ನರಸಿಂಹಯ್ಯ ಒಳ್ಳೆಯ ಮನುಷ್ಯನೇ. ಮೈಸೂರಿನಲ್ಲಿ ಓದಿದವನು, ವಯಸ್ಸು ಚಿಕ್ಕದು, ಏಕವಚನದಲ್ಲಿ ಕರೆಯುವವನಲ್ಲ. ಈ ಎಂಬತ್ತೊಂದನೇ ಇಸವಿ ಇಡೀ ಪ್ರಪಂಚಕ್ಕೇ ಅಂಗವಿಕಲರ ವರ್ಷವಂತೆ. ಎಲ್ಲ ಮ್ಯೂಸಿಯಂನವರೂ ಏನಾದರೂ ಮಾಡಿ ಎಂದು ಬೆಂಗಳೂರಿನಿಂದ ಸರ್ಕ್ಯುಲರ್ ಬಂದಿತ್ತು. ಕುರುಡು ಮಕ್ಕಳನ್ನು ಕರೆಸಿ ಕೈಯಿಂದ ಮುಟ್ಟಿ ನೋಡಲು ಬಿಡೋಣ ಎಂಬುದು ನರಸಿಂಹಯ್ಯನ ಸ್ವಂತ ಯೋಚನೆ. ಆ ಸುದ್ದಿ ಹೇಳುವಾಗ ಅವನ ಕಣ್ಣು ಹೊಳೆಯುತ್ತಿದ್ದವು. ಸದಾಶಿವಯ್ಯನ ಬಾಯಿಯವರೆಗೆ ಮಾತು ಬಂದಿತ್ತು, ಸಾರ್ ನನ್ನ ಮಗಳೂ ಅದೇ ಶಾಲೆ ಸಾರ್ ಎಂದು. ಆದರೆ ಅಷ್ಟರಲ್ಲೇ ನರಸಿಂಹಯ್ಯ, 'ಒಂದು ಮಾತು ಸದಾಶಿವಯ್ಯ, ಒಳ್ಳೇ ಐಟಂ ಯಾವುದೂ ಬೇಡ. ಬಿದ್ದು ಒಡೆದರೆ ನನ್ನ ತಲೆಗೆ ಬರತ್ತೆ. ಗೋಡೌನಲ್ಲಿ ಮುರಿದು ಬಿದ್ದಿರೋದನ್ನೇ ತೊಳೆದು ಇಡಿ. ಅವಕ್ಕೇನು ಗೊತ್ತಾಗತ್ತೆ, ಪಾಪ' ಎಂದಿದ್ದ. ಅವಕ್ಕೆ. ಬಾಯಿಗೆ ಬಂದಿದ್ದ ಮಾತು ತಿರುಗಿ ಒಳಗೆ ಹೋಯಿತು. 'ಹೂಂ ಸಾರ್' ಎಂದಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಒಂಥರದ ಸಮಾಧಾನ, ಹೇಳದೆ ಬಚಾವಾದೆ ಎನ್ನುವಂಥದ್ದು. ಆ ಸಮಾಧಾನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಜಗಲಿಯಲ್ಲಿ ಉದ್ದನೆಯ ಮೇಜು ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ, ತೊಳೆದಿಟ್ಟದ್ದನ್ನೆಲ್ಲ ಒಂದೊಂದಾಗಿ ತಂದು ಜೋಡಿಸಿದ. ಮೂಗು ಮುರಿದ ಬಸವ. ಕಾಲಿಲ್ಲದ ಸುಟ್ಟಮಣ್ಣಿನ ಕುದುರೆ. ಎರಡೂ ಕೈ ಹೋದ ಒಬ್ಬ ದೇವರು, ಯಾವ ದೇವರೆಂದು ಹೇಳಲು ಉಳಿದಿದ್ದ ಗುರುತೂ ಇಲ್ಲ. ಹಿಡಿ ಇಲ್ಲದ ಕತ್ತಿ, ಅಂಚು ಕುಯ್ಯಬಾರದೆಂದು ಸುತ್ತಿದ ದಾರ. ಕಂಠ ಮಾತ್ರ ಉಳಿದ ಮಡಕೆ. ದೇವರನ್ನು ಗೋಡೆಗೆ ಒರಗಿಸಿ ಇಡುವಾಗ ಅದು ಒಂದು ಪಕ್ಕಕ್ಕೆ ವಾಲಿತು, ಅವನು ಎರಡೂ ಕೈಯಲ್ಲಿ ಹಿಡಿದು ನೇರ ಕೂರಿಸಿದ, ಮತ್ತೆ ವಾಲಿತು. ಹೀಗೇ ವಾಲುತ್ತಿದ್ದಳು ಸಿದ್ದಗಂಗಮ್ಮ. ಕುಣಿಗಲ್ಲಿನ ತವರುಮನೆಯಲ್ಲಿ, ಹೊಟ್ಟೆನೋವು ವಾಸಿಯಾಗಲಿ ಎಂದು ಹೋದವಳು, ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. ಮೀಯಿಸಿ, ಮೈತುಂಬ ವಿಭೂತಿ ಬಳಿದು, ಹಣೆಯ ಮೇಲೆ ಮೂರು ಬೆರಳಿನ ಪಟ್ಟೆ ಎಳೆದು, ಕೊರಳಲ್ಲಿ ಲಿಂಗ ಕಾಣುವ ಹಾಗೆ ಸೆರಗು ಸರಿಮಾಡಿ ಕೂರಿಸಿದ್ದರು. ಎರಡು ಸಲ ವಾಲಿದ್ದಳು, ಎರಡು ಸಲವೂ ಅವನೇ ಹಿಡಿದು ನೇರ ಮಾಡಿದ್ದ. ಅವಳ ಅಣ್ಣ ಮಹಾಲಿಂಗಯ್ಯ ಬಾಗಿಲಲ್ಲಿ ನಿಂತು, 'ಮುಖ ನೋಡೋರೆಲ್ಲ ನೋಡ್ಕಂಬುಡಿ, ಎತ್ತೋ ಹೊತ್ತಾಯ್ತು' ಎಂದು ಕೂಗಿದ. ಜನ ಸಾಲಾಗಿ ಬಂದರು, ನೋಡಿದರು, ಸೆರಗಿಗೆ ಮೂಗೊರೆಸಿಕೊಂಡು ಸರಿದರು. ಆ ಸಾಲಿನಲ್ಲೇ ಪುಟ್ಟತಾಯಿ ಬಂದಳು. ಯಾರೋ ತೋಳು ಹಿಡಿದು ತಂದು ಮುಂದೆ ಬಿಟ್ಟರು. ಅವಳು ಮಂಡಿಯೂರಿದಳು. ನೋಡ್ಕಳಿ ಎಂದಿದ್ದರಲ್ಲ, ಅವಳೂ ನೋಡುವುದಕ್ಕೆ ಎರಡೂ ಕೈ ಎತ್ತಿದಳು. ಬೆರಳು ಅಗಲವಾಗಿ, ಮೆಲ್ಲಗೆ, ಮುಖದ ಎತ್ತರಕ್ಕೆ ಬಂದವು. ವಿಭೂತಿ ಇನ್ನೂ ಹಸಿ ಇತ್ತು, ಪಟ್ಟೆ ಆಗಷ್ಟೇ ಎಳೆದದ್ದು. ಅವನ ಬಾಯಿಂದ ಬಂತು: 'ಮುಟ್ಬೇಡಿ.'

ಅದು ಅಪ್ಪನ ದನಿಯಲ್ಲ. ಹೆಂಡತಿ ಸತ್ತವನ ದನಿಯೂ ಅಲ್ಲ. ಒಳಹಾಲಿನ ಮೂಲೆಯ ಸ್ಟೂಲಿನ ಮೇಲೆ ಕೂತು, ದಿನಾ, ಕಣ್ಣೆತ್ತದೆ, ಯಾರ ಕೈ ಎಂದು ನೋಡದೆ ಹೇಳುವ ದನಿ. ಕೈಗಳು ಗಾಳಿಯಲ್ಲೇ ನಿಂತವು. ಆಮೇಲೆ ಇಳಿದವು. ಕ್ರಿಯೆ ಮಾಡಿಸಲು ಬಂದು ಎದುರಿಗೆ ನಿಂತಿದ್ದ ಅಯ್ನೋರ ತುಟಿ ಅಲ್ಲಾಡಿದ್ದು ಅವನಿಗೆ ನೆನಪಿದೆ, ಏನೆಂದರೆಂದು ನೆನಪಿಲ್ಲ. ಮಗಳು ಅಳಲಿಲ್ಲ, ಎದ್ದು ಪಕ್ಕಕ್ಕೆ ಸರಿದಳು, ಹಿಂದಿನವರಿಗೆ ಜಾಗ ಬಿಟ್ಟಳು.

'ಏನ್ರೀ, ಆ ದೇವರ ಜೊತೆ ಕುಸ್ತಿ?' ನರಸಿಂಹಯ್ಯ ಬಂದು ನಿಂತಿದ್ದ. 'ಬಿಡಿ, ಮಲಗಿಸೇ ಇಡಿ. ಬಂದ್ರು ನೋಡಿ.'

ಮಕ್ಕಳು ಗೇಟಿನಿಂದ ಸಾಲಾಗಿ ಬಂದರು, ಮುಂದಿನವಳ ಹೆಗಲ ಮೇಲೆ ಹಿಂದಿನವಳ ಕೈ. ಎಲ್ಲರಿಗೂ ನೀಲಿ ಲಂಗ, ಎಣ್ಣೆ ಹಚ್ಚಿ ಎಳೆದು ಕಟ್ಟಿದ ಜಡೆ. ಸಾಲಿನ ಮುಂದೆ ಕೊಡೆ ಹಿಡಿದ ಟೀಚರು ಚಿಕ್ಕಗಂಗಮ್ಮ. ಪುಟ್ಟತಾಯಿ ನಡುವಿನಲ್ಲಿದ್ದಳು. ಹೋದ ರಜೆಗಿಂತ ಎತ್ತರ ಆಗಿದ್ದಾಳೆ, ಲಂಗ ಗಿಡ್ಡವಾಗಿದೆ, ಅದರ ಕೆಳಗೆ ಕಾಲು ಕಡ್ಡಿ. ಜಗಲಿಯ ಮೆಟ್ಟಿಲ ಹತ್ತಿರ ಅವನು ನಿಂತಿದ್ದ. ಕೆಮ್ಮು ಬಂತು, ತಡೆದುಕೊಂಡ. ಅವನ ಕೆಮ್ಮು ಅವಳಿಗೆ ಗೊತ್ತು. ಆದರೂ ಅವಳು ಮೆಟ್ಟಿಲು ಹತ್ತುವಾಗ ಅವನಿದ್ದ ಕಡೆಗೆ ಮುಖ ಒಂದಿಷ್ಟು ತಿರುಗಿಸಿದಳು, ಮೂಗು ಅರಳಿತು. ಅವನ ಬಟ್ಟೆಯ ಬೀಡಿ ವಾಸನೆ ಇರಬೇಕು. ಅವನು ಕರೆಯಲಿಲ್ಲ. ನರಸಿಂಹಯ್ಯ ಪಕ್ಕದಲ್ಲೇ ಇದ್ದ. ಅವಳೂ ಕರೆಯಲಿಲ್ಲ. ಕಾದು ನೋಡುತ್ತಿರುವವಳಂತೆ ಒಂದು ಗಳಿಗೆ ತಡೆದಳು, ಹಿಂದಿನ ಹುಡುಗಿ ಬೆನ್ನು ತಿವಿದಳು, ಮುಂದೆ ಹೋದಳು.

'ಮಕ್ಳೇ, ಇವತ್ತು ನೀವು ಎಲ್ಲಾನೂ ಮುಟ್ಟಬಹುದು,' ಎಂದು ನರಸಿಂಹಯ್ಯ ಸಣ್ಣ ಭಾಷಣ ಮಾಡಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಕೈಗಳು ಮೇಜಿನ ಮೇಲೆ ಬಂದವು. ಇಷ್ಟು ಕೈಗಳು ಒಟ್ಟಿಗೆ ವಸ್ತುಗಳ ಮೇಲೆ ಹರಿದಾಡುವುದನ್ನು ಅವನು ಎಂದೂ ನೋಡಿರಲಿಲ್ಲ. ನಾಲಗೆಯ ತುದಿಗೆ ತಾನಾಗಿ ಬಂದ ಮಾತನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಎಷ್ಟು ಮೆತ್ತಗೆ ಮುಟ್ಟುತ್ತಿದ್ದವು ಅವು. ಕಣ್ಣಿದ್ದವರು ಬಂದರೆ ತಟ್ಟುತ್ತಾರೆ, ಉಗುರಲ್ಲಿ ಕೆರೆದು ನೋಡುತ್ತಾರೆ. ಇವು ಹಸುಗೂಸಿನ ತಲೆ ಸವರಿದ ಹಾಗೆ ಸವರುತ್ತಿದ್ದವು.

'ಟೀಚರ್, ಕುದ್ರೆಗೆ ಕಾಲಿರಲ್ವಾ?' ಒಂದು ಪುಟ್ಟ ಹುಡುಗಿ ಕೇಳಿತು.

'ಇರ್ತವೆ ಕಣೇ ಪೆದ್ದಿ,' ಎಂದದ್ದು ಪುಟ್ಟತಾಯಿ. 'ನಮ್ಮವ್ವನ ಊರು ಕುಣಿಗಲ್ಲು. ಅಲ್ಲಿ ಕುದ್ರೆ ಬೆಳಿಗ್ಗೆ ಟಕಟಕ ಅಂತ ರಸ್ತೇಲಿ ಹೋಗ್ತವೆ. ಕಾಲಿಲ್ದೆ ಹೆಂಗೆ ಟಕಟಕ ಅಂದಾವು?'

'ಮತ್ತೆ ಇದ್ಕೆ?'

'ಇದ್ರುದ್ದು ಹೋಗೈತೆ.'

'ಈ ಬಸವಂಗೆ ಮೂಗಿಲ್ಲ. ಈ ದೇವ್ರಿಗೆ ಕೈಯಿಲ್ಲ,' ಇನ್ನೊಬ್ಬಳು ಮೇಜಿನ ಆ ತುದಿಯಿಂದ ಹೇಳಿದಳು. 'ಮ್ಯೂಸಿಯಂ ಅಂದ್ರೆ ಆಸ್ಪತ್ರೆನಾ ಟೀಚರ್?'

ಎಲ್ಲರೂ ನಕ್ಕರು. ನರಸಿಂಹಯ್ಯನೂ ನಕ್ಕ, ನಗುತ್ತಾ ನಗುತ್ತಾ ಕೆಂಪಾದ. ಚಿಕ್ಕಗಂಗಮ್ಮ ಟೀಚರು, 'ನಮ್ಮೋವು ಬಾಯಿ ಜೋರು ಸಾರ್, ಬೇಜಾರು ಮಾಡ್ಕೋಬೇಡಿ' ಎಂದರು. ಪುಟ್ಟತಾಯಿ ಮಾತ್ರ ನಗಲಿಲ್ಲ. ಕುದುರೆಯ ಕಾಲು ಮುರಿದ ಜಾಗಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ತೀಡುತ್ತಿದ್ದಳು, ಗಾಯಕ್ಕೆ ಎಣ್ಣೆ ಸವರುವವಳ ಹಾಗೆ. ಮನೆಯಲ್ಲಿ ಅವಳ ಕೈಗೆ ಅವನು ಏನು ಕೊಟ್ಟಿದ್ದ? ಅಲ್ಯೂಮಿನಿಯಂ ತಟ್ಟೆ, ತೆಂಗಿನ ಚಿಪ್ಪು, ಹಳೆ ಬಟ್ಟೆಯ ಬೊಂಬೆ. ಒಲೆ ಮುಟ್ಟಬೇಡ, ಲಾಟೀನು ಮುಟ್ಟಬೇಡ, ಕನ್ನಡಿ ಮುಟ್ಟಬೇಡ ಎನ್ನುತ್ತಿದ್ದವನು ಅವನೇ. 'ಮುಟ್ಲಿ ಬುಡಿ, ಒಡುದ್ರೆ ಒಡೀಲಿ' ಎನ್ನುತ್ತಿದ್ದಳು ಸಿದ್ದಗಂಗಮ್ಮ. ಮಗು ಚಿಕ್ಕದಾಗಿದ್ದಾಗ ದೀಪ ಆರಿಸಿ ಮಲಗಿದ ಮೇಲೆ ಆ ಕೈಗಳು ಅವ್ವನ ಮುಖದ ಮೇಲೆ ಓಡಾಡುವುದು, ಅವಳು ಬೆರಳನ್ನು ತುಟಿಯಲ್ಲಿ ಹಿಡಿಯುವುದು, ಮಗು ಕಿಲಕಿಲ ನಗುವುದು, ಎಲ್ಲ ಅವನಿಗೆ ಕೇಳುತ್ತಿತ್ತು. ಒಮ್ಮೆಯೂ ಆ ಕೈ ಅವನ ಮುಖಕ್ಕೆ ಬಂದಿರಲಿಲ್ಲ. ಬಂದಿದ್ದರೆ ಏನೆನ್ನುತ್ತಿದ್ದ ಎಂದು ಅವನಿಗೆ ಗೊತ್ತು.

ನರಸಿಂಹಯ್ಯ ಟೀಚರನ್ನು ಕಾಫಿಗೆ ಆಫೀಸಿಗೆ ಕರೆದುಕೊಂಡು ಹೋದ. ಅಂಜನಪ್ಪ ಮಕ್ಕಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ ಬನ್ನು ಹಂಚುತ್ತಾ ಇವನ ಕಡೆ ನೋಡಿ, ಹೋಗಿ ಎನ್ನುವ ಹಾಗೆ ಗದ್ದ ಎತ್ತಿದ. ಸದಾಶಿವಯ್ಯ ಮಗಳ ಹತ್ತಿರ ಹೋಗಿ ಬಗ್ಗಿದ. 'ಪುಟ್ತಾಯಿ.'

'ಹೂಂ ಅಪ್ಪ,' ಎಂದಳು. ಬಂದಾಗಿನಿಂದ ಗೊತ್ತಿದ್ದ ದನಿಯಲ್ಲಿ.

'ಬಾ ಮಗಾ ಒಳೀಕೆ.'

ಅವಳು ಅರ್ಧ ಬನ್ನನ್ನು ಪಕ್ಕದ ಹುಡುಗಿಗೆ ಕೊಟ್ಟು ಎದ್ದಳು. ಇವತ್ತು ಬೇರೆ ಜನರನ್ನು ಬಿಟ್ಟಿರಲಿಲ್ಲ, ಒಳಹಾಲಿನಲ್ಲಿ ಯಾರೂ ಇರಲಿಲ್ಲ. ಕೀಲಿಕೈ ಜೇಬಿನ ನೂಲಿಗೆ ಸಿಕ್ಕಿಕೊಂಡು ಈಚೆ ಬರಲು ಹಟ ಮಾಡಿತು. ಬೀಗ ತೆಗೆದ, ಹಿಡಿಕೆ ಹಿಡಿದು ಗಾಜಿನ ಬಾಗಿಲು ಎಳೆದ. ಮುಚ್ಚಿಟ್ಟ ಗಾಳಿಯ ವಾಸನೆ ಬಂತು. ಅವಳು ಅದನ್ನು ಮೂಸಿದಳು.

'ಇಲ್ಲೊಂದು ಕಲ್ಲಿನ ಮುಖ ಐತೆ ಕಣವ್ವ. ಹೆಂಗುಸ್ದು. ಮುರ್ದಿಲ್ಲ, ಪೂರ್ತಿ ಐತೆ.' ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. 'ನಿಮ್ಮವ್ವನಂಗೇ ಐತೆ ಅಂತಾರೆ ಎಲ್ಲಾ. ನೋಡು.'

ಅವಳು ಕೈ ಎತ್ತಲಿಲ್ಲ. 'ಯಾರಂದ್ರು?'

'ಎಲ್ಲಾರೂ.'

'ನೀನೂ ಅಂತೀಯಾ?'

'ಹೂಂ.'

'ಇದುನ್ನ ಮುಟ್ಬೋದಾ?'

'ಮುಟ್ಟವ್ವ. ಅದ್ಕೇ ಬೀಗ ತಗ್ದಿದೀನಿ.'

'ಅವ್ವನ್ನ ಮುಟ್ಟಂಗಿರ್ಲಿಲ್ಲ,' ಎಂದಳು. ಸಿಟ್ಟಿಲ್ಲ. ಎರಡು ಲೆಕ್ಕ ಹೊಂದಿಸಲು ನೋಡುತ್ತಿರುವ ಮಗುವಿನ ದನಿ.

ಇದಕ್ಕೆ ಉತ್ತರ ಬೇಕಾಗುತ್ತದೆ ಎಂದು ಅವನಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ; ಕಲ್ಲೇ ಉತ್ತರ ಎಂದುಕೊಂಡಿದ್ದ. 'ಅದು... ವಿಭೂತಿ ಧರಿಸಾಗಿತ್ತಲ್ಲ ಮಗಾ. ಅಯ್ನೋರು ಬ್ಯಾಡ ಅಂತ...'

'ಇಲ್ಲಪ್ಪ.' ಅವಳು ತಲೆ ಅಲ್ಲಾಡಿಸಿದಳು. 'ಅಯ್ನೋರು ಮುಟ್ಲಿ ಬುಡಿ ಅಂದ್ರು. ಮೆತ್ಗೆ ಅಂದ್ರು, ನಂಗೆ ಕೇಳ್ತು. ನೀನೇನಾದ್ರೂ ಅಂತೀಯೇನೋ ಅಂತ ಕಾದೆ. ನೀನು ಏನೂ ಅನ್ನಲಿಲ್ಲ.'

ತುಟಿ ಅಲ್ಲಾಡಿದ್ದು ಅವನು ನೋಡಿದ್ದ. ನೋಡಿದವನು ಅವನು, ಕೇಳಿಸಿಕೊಂಡವಳು ಅವಳು. ಅಥವಾ ಅವನಿಗೂ ಕೇಳಿತ್ತೇ? ಕೇಳಿಯೂ, ಆಡಿದ ಮಾತನ್ನು ಅಷ್ಟು ಜನರ ಮುಂದೆ ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆಯಾಗಿ ನಿಂತುಬಿಟ್ಟಿದ್ದನೇ? ನೆನಪಿನ ಒಳಗೆ ಕೈ ಹಾಕಿ ತಡಕಿದ. ಅಲ್ಲಿ ಅಯ್ನೋರಿಲ್ಲ, ಜನರಿಲ್ಲ, ಗೋಡೆಗೆ ಒರಗಿ ಕೂತವಳ ಮುಖವಿರಬೇಕಾದ ಕಡೆ ಕಲ್ಲು ಇತ್ತು. ಬಗ್ಗಿ ಮಗಳ ಕೈ ಹಿಡಿದು ತಾನೇ ಆ ಮುಖದ ಮೇಲೆ ಇಡಬೇಕು ಎಂದುಕೊಂಡ. ಇಟ್ಟುಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ಅಷ್ಟರಲ್ಲಿ ಹಿಂದೆ ಬೂಟಿನ ಸದ್ದು.

'ಸದಾಶಿವಯ್ಯ? ಏನ್ರೀ ಇದು?' ನರಸಿಂಹಯ್ಯ ಬಾಗಿಲಲ್ಲಿದ್ದ. ಕಣ್ಣು ತೆರೆದ ಪೆಟ್ಟಿಗೆಯ ಮೇಲೆ.

'ಮುಟ್ಟಿಲ್ಲ ಸಾರ್,' ಎಂದ ಸದಾಶಿವಯ್ಯ. ಅದೇ ದನಿ. ಸ್ಟೂಲಿನ ದನಿ, ನಡುಮನೆಯ ದನಿ. 'ಮುಟ್ಟಿಲ್ಲ ಸಾರ್, ಮುಟ್ಟಿಲ್ಲ.'

ಪುಟ್ಟತಾಯಿ ಎರಡೂ ಅಂಗೈಗಳನ್ನು ಮುಂದೆ ಚಾಚಿ ತೋರಿಸಿದಳು, ಸ್ಕೂಲಿನಲ್ಲಿ ಉಗುರು ತೋರಿಸುವ ಹಾಗೆ. 'ಮುಟ್ಟಿಲ್ಲ ಸಾರ್.'

'ಯಾರ್ರೀ ಈ ಹುಡುಗಿ?'

ಬಾಯಿ ತೆರೆದ. ನನ್ನ ಮಗಳು ಸಾರ್. ಅಷ್ಟೇ ಮಾತು. ನಾಲಗೆ ಮೇಲಕ್ಕೆ ಏಳಲಿಲ್ಲ. ಕೀಲಿಕೈ, ಕೆಲಸ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ, ಅವಕ್ಕೇನು ಗೊತ್ತಾಗತ್ತೆ ಅಂದಾಗ ಹೂಂ ಅಂದದ್ದು, ಎಲ್ಲ ಒಟ್ಟಿಗೆ ಬಂದು ಆ ಮಾತಿಗೆ ಅಡ್ಡ ನಿಂತವು. ಅವಳು ಕಾದಳು. ಅವಳು ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ತಲೆ ಒಂದಿಷ್ಟು ವಾಲಿಸಿ, ಕಿವಿ ಅವನ ಕಡೆಗೆ ಮಾಡಿ ಕಾಯುತ್ತಿದ್ದಳು. ಆಮೇಲೆ ಅವಳೇ ಹೇಳಿದಳು.

'ಸ್ಕೂಲಿಂದ ಬಂದಿರದು ಸಾರ್. ದಾರಿ ತಪ್ಪಿ ಒಳಗೆ ಬಂದ್ಬುಟ್ಟೆ. ಇವ್ರು ನಿಲ್ಲಿಸ್ಕಂಡ್ರು.'

ನರಸಿಂಹಯ್ಯ ಅವಳನ್ನು ನೋಡಿದ, ಕಲ್ಲನ್ನು ನೋಡಿದ. ಮೇಜಿನ ಮೇಲಿನ ಕುದುರೆ ನೆನಪಾಯಿತೋ ಏನೋ, ದನಿ ಮೆತ್ತಗಾಯಿತು. 'ಅದಕ್ಕೇನಂತೆ. ಹೇಗೂ ತೆಗೆದಿದೀರಲ್ಲ, ಮುಟ್ಲಿ ಬಿಡ್ರಿ ಸದಾಶಿವಯ್ಯ. ಕಲ್ಲು ತಾನೆ, ಏನಾಗತ್ತೆ? ಬಾಮ್ಮ, ಮುಟ್ಟಿ ನೋಡು.'

'ಬ್ಯಾಡಿ ಸಾರ್,' ಎಂದಳು. ಅಂಗೈ ಎರಡನ್ನೂ ಲಂಗಕ್ಕೆ ಒರೆಸಿಕೊಂಡು ಬೆನ್ನ ಹಿಂದೆ ಕಟ್ಟಿದಳು. 'ಅಭ್ಯಾಸ ಇಲ್ಲ.'

ಬಂದ ದಾರಿ ಅವಳಿಗೆ ಗೊತ್ತಿತ್ತು. ಹೆಜ್ಜೆಯ ಸದ್ದು ಎಲ್ಲಿ ಗೋಡೆಗೆ ತಾಗಿ ವಾಪಸು ಬರುತ್ತದೆಂದು ಕೇಳಿಸಿಕೊಳ್ಳುತ್ತಾ, ಕೈ ಬೆನ್ನಿಗೇ ಕಟ್ಟಿಕೊಂಡು, ಗೋಡೆಯನ್ನಾಗಲಿ ಪೆಟ್ಟಿಗೆಯನ್ನಾಗಲಿ ಬಾಗಿಲನ್ನಾಗಲಿ ಮುಟ್ಟದೆ ಹೊರಗೆ ಹೋದಳು. ಜಗಲಿಯಲ್ಲಿ ಯಾರೋ 'ಎಲ್ಲೋಗಿದ್ಯೇ, ನಿನ್ನ ಬನ್ನು ನಾ ತಿಂದೆ' ಎಂದರು. ಅವಳು ನಕ್ಕದ್ದು ಕೇಳಿಸಿತು. ಅವ್ವನ ನಗು. ಅಷ್ಟು ದಿನದಿಂದ ಅವನಿಗೆ ಸಿಗದೆ ಹೋಗಿದ್ದು.

ಸಂಜೆ ಅಂಜನಪ್ಪ ಒಳಗೆ ಇಣುಕಿ ನೋಡಿ, ಬೀಡಿ ಕಟ್ಟನ್ನು ಕಿಟಕಿಯ ಮೇಲಿಟ್ಟು ಹೋದ. ಸದಾಶಿವಯ್ಯ ಕೀಲಿಕೈಯನ್ನು ಆಫೀಸಿನ ಮೊಳೆಗೆ ನೇತುಹಾಕಿದ. ಬಟ್ಟೆ ಒದ್ದೆ ಮಾಡಿ ಹಿಂಡಿ, ಹಳೆ ಪೇಪರು ಉಂಡೆ ಮಾಡಿಕೊಂಡು ಒಳಹಾಲಿಗೆ ಬಂದ. ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದು ಪೆಟ್ಟಿಗೆಯ ಗಾಜಿನ ಮೇಲೆ ನಿಂತಿತ್ತು. ಆ ಹೊತ್ತಿನಲ್ಲಿ ದಿನದ ಬೆರಳುಗಳೆಲ್ಲ ತಾವಾಗಿ ಎದ್ದು ಕಾಣುತ್ತವೆ. ಅವನು ಬಗ್ಗಿ ಈ ಕಡೆಯಿಂದ ನೋಡಿದ. ಆ ಕಡೆಗೆ ಹೋಗಿ ನೋಡಿದ. ಕಲ್ಲಿನ ಹೆಂಗಸು ಏನೋ ನುಂಗಿಕೊಂಡು ಕೂತಿದ್ದಳು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಅವನ ಕಾಲ ಮೇಲೆ ಬೀಳುತ್ತಿತ್ತು. ಗಾಜು ಬೆಳಿಗ್ಗೆ ಇದ್ದ ಹಾಗೇ ಇತ್ತು. ಒರೆಸುವುದಕ್ಕೆ ಏನೂ ಇರಲಿಲ್ಲ.